ತಿದ್ದಿದ ಗುರುತು ಎಲ್ಲಿ ಹೋಯಿತು?

ದೀಪಾವಳಿ ಪಾಡ್ಯದಂದು ಹೊಸ ಕೀರ್ದಿಗೆ ಪೂಜೆ ಮಾಡುವ ರೂಢಿ ಬೈಲಹೊಂಗಲದ ಪೇಟೆಯಲ್ಲಿ ಇನ್ನೂ ನಿಂತಿಲ್ಲ. ಲೆಕ್ಕದ ವರ್ಷ ಶುರುವಾಗುವುದು ಏಪ್ರಿಲಿಗೆ, ಲೆಕ್ಕ ಇರುವುದು ಕಂಪ್ಯೂಟರಿನಲ್ಲಿ, ಪೂಜೆಯಾದ ವಹಿಯಲ್ಲಿ ಶ್ರೀಕಾರದ ಕೆಳಗೆ ಒಂದಕ್ಷರವೂ ಬೀಳುವುದಿಲ್ಲ. ಇದು ಪೂಜೆ ಮಾಡುವವರಿಗೂ ಗೊತ್ತು. ಆದರೂ ಮಾಡುತ್ತಾರೆ, ಮಾಡಲಿ. ಹಿಂದಿರುಗಿ ನೋಡಲು ಇನ್ನೊಂದು ಕಾರಣವೂ ಇದೆ. 2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ವ್ಯಾಟ್ ಜಾರಿಗೆ ಬಂದು 2025ಕ್ಕೆ ಇಪ್ಪತ್ತು ವರ್ಷ ತುಂಬಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಅಡತಿ ಅಂಗಡಿ, ಗೊಬ್ಬರದ ಅಂಗಡಿ, ನೂಲಿನ ಅಂಗಡಿ, ಸೊಸೈಟಿಗಳು ಒಂದೊಂದಾಗಿ ವಹಿ ಬಿಟ್ಟು ಕೀಲಿಮಣೆ ಹಿಡಿದದ್ದು ಈ ಇಪ್ಪತ್ತು ವರ್ಷಗಳಲ್ಲೇ. ಬರೆಯುವುದನ್ನು ನಾವು ಬೇಗ ಕಲಿತೆವು. ತಪ್ಪು ಬರೆದರೆ ತಿದ್ದುವುದು ಹೇಗೆ ಎಂಬುದನ್ನು ಮಾತ್ರ ಕಲಿಯಲೇ ಇಲ್ಲ ಎಂಬುದು ನಮ್ಮ ತಕರಾರು.

ವಹಿಯ ಕಾಲದಲ್ಲಿ ತಪ್ಪುಗಳಿರಲಿಲ್ಲವೆಂದಲ್ಲ. ಮುಂಬಯಿ ಪ್ರಾಂತದ ದಿನಗಳಲ್ಲಿ ಈ ಭಾಗದ ಪೇಟೆಯ ಲೆಕ್ಕ ಎಷ್ಟೋ ಕಡೆ ಮೋಡಿ ಲಿಪಿಯಲ್ಲಿ ನಡೆಯುತ್ತಿತ್ತು. ಆ ಸುರುಳಿಸುತ್ತಿದ ಅಕ್ಷರವನ್ನು ಬರೆದ ದಿವಾನಜಿಯೇ ಓದಬೇಕು ಎಂಬ ತಮಾಷೆಯೂ ಇತ್ತು. ಆದರೆ ತಿದ್ದುವುದಕ್ಕೆ ಒಂದು ಶಿಸ್ತು ಇತ್ತು. ತಪ್ಪಾದ ಅಂಕಿಯ ಮೇಲೆ ಒಂದೇ ಗೆರೆ, ಅದೂ ಕೆಳಗಿನ ಅಂಕಿ ಓದಲು ಬರುವಂತೆ. ಮೇಲೆ ಸರಿಯಾದ ಅಂಕಿ, ಪಕ್ಕದಲ್ಲಿ ತಿದ್ದಿದವನ ಸಹಿ. ಕೆರೆದು ಬರೆದರೆ, ಮಸಿ ಚೆಲ್ಲಿ ಮುಚ್ಚಿದರೆ, ಹಾಳೆ ಹರಿದರೆ ಆ ವಹಿಗೆ ಕೋರ್ಟಿನಲ್ಲೂ ಬೆಲೆಯಿಲ್ಲ, ಪೇಟೆಯಲ್ಲೂ ಬೆಲೆಯಿಲ್ಲ. ದಿನದ ಕೊನೆಗೆ ಬೇರೀಜು ಹಾಕಿ ಶಿಲ್ಕು ತೆಗೆದ ಮೇಲಂತೂ ಆ ಪುಟವನ್ನು ಮುಟ್ಟುವಂತಿರಲಿಲ್ಲ. ನಾಲ್ಕು ದಿನ ಬಿಟ್ಟು ತಪ್ಪು ಕಂಡರೆ ಆವತ್ತಿನ ತಾರೀಖಿನಲ್ಲೇ ಹೊಸ ನಮೂದು ಹಾಕಿ, ಇಂಥ ದಿನದ ಇಂಥ ರಕಮು ತಪ್ಪಾಗಿತ್ತು, ಅದನ್ನು ಈಗ ಸರಿಪಡಿಸಿದೆ ಎಂದು ಬರೆಯಬೇಕಿತ್ತು.

ಈ ಸೀಮೆಗೆ ಟ್ಯಾಲಿ ಬಂದಾಗ ಈ ಶಿಸ್ತು ಒಂದು ಗುಂಡಿ ಒತ್ತುವಷ್ಟರಲ್ಲಿ ಮುಗಿಯಿತು. ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಶುರುಮಾಡಿದ ಉದ್ಯಮದ ಸರಕು ಇದು. ಲೆಕ್ಕಶಾಸ್ತ್ರ ಓದದವನೂ ಎರಡು ತಿಂಗಳಲ್ಲಿ ಕಲಿಯಬಹುದಾದಷ್ಟು ಸಲೀಸು. ಆ ಸಲೀಸೇ ಅದನ್ನು ಹಳ್ಳಿಪೇಟೆಗೂ ತಲುಪಿಸಿತು, ಅದಕ್ಕೆ ಅದರ ಮಾನ ಸಲ್ಲಬೇಕು. ಆದರೆ ನಮ್ಮ ಊರುಗಳ ಕಂಪ್ಯೂಟರ್ ತರಗತಿಗಳು ಹುಡುಗರಿಗೆ ಮೊದಲು ಹೇಳಿಕೊಟ್ಟ ಉಪಾಯ, ತಪ್ಪಾದ ವೋಚರ್ ತೆರೆದು ಆಲ್ಟ್ ಹಿಡಿದು ಡಿ ಒತ್ತುವುದು. ‘ಹೊಡದ ಹಾಕ್ರಿ, ಮತ್ತೊಂದ್ ಬರದ್ರಾತು.’ ಅದೇ ತಂತ್ರಾಂಶದಲ್ಲಿ ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಬಿಲ್ಲು ರದ್ದಾಗುತ್ತದೆ, ಆದರೆ ಅದರ ಸಂಖ್ಯೆ ‘ರದ್ದು’ ಎಂಬ ಗುರುತಿನೊಂದಿಗೆ ಉಳಿಯುತ್ತದೆ. ಇದನ್ನು ಎಷ್ಟು ಜನರಿಗೆ ಹೇಳಿಕೊಟ್ಟರು?

ವ್ಯತ್ಯಾಸ ಸಣ್ಣದಲ್ಲ. ಬಿಲ್ಲಿನ ಸಂಖ್ಯೆಯನ್ನು ತಂತ್ರಾಂಶವೇ ಕೊಡಲಿ ಎಂದು ಬಿಟ್ಟ ಅಂಗಡಿಯಲ್ಲಿ 214ನೇ ಬಿಲ್ಲನ್ನು ಅಳಿಸಿದಿರಿ ಎನ್ನಿ. ಹಳೆಯ ಆವೃತ್ತಿಗಳಲ್ಲಿ 215 ತಾನಾಗಿ 214 ಆಗುತ್ತಿತ್ತು, 216 ಹೋಗಿ 215. ಗಿರಾಕಿಯ ಕೈಯಲ್ಲಿರುವ ಕಾಗದದ ಬಿಲ್ಲು ಮಾತ್ರ ಹಳೆಯ ಸಂಖ್ಯೆಯದೇ. ಅವನು ಮಾಲು ಬದಲಿಸಲು ಬಂದಾಗ ಅಂಗಡಿಯವನು ಪರದೆ ನೋಡಿ, ‘ಈ ನಂಬರಿನ್ಯಾಗ ನಿಮ್ಮ ಹೆಸರ ಇಲ್ಲಲ್ರೀ’ ಎನ್ನುವುದು, ಗಿರಾಕಿ ತಾನೇನೋ ಖೊಟ್ಟಿ ಬಿಲ್ಲು ತಂದವನಂತೆ ಮುಖ ಸಣ್ಣದು ಮಾಡುವುದು, ಇದೆಲ್ಲ ನಮ್ಮ ಪೇಟೆಗಳಲ್ಲಿ ನಡೆದದ್ದೇ. ಸಂಖ್ಯೆಯನ್ನು ಹಾಗೇ ಉಳಿಸಿಕೊಳ್ಳುವ ಸವಲತ್ತು ಟ್ಯಾಲಿ ಪ್ರೈಮಿನ ಈಚಿನ ಆವೃತ್ತಿಗಳಲ್ಲಿ ಬಂತು. ಅಷ್ಟು ಹೊತ್ತಿಗೆ ಆಲ್ಟ್-ಡಿ ಕೈಗೆ ಅಂಟಿಬಿಟ್ಟಿತ್ತು.

ಇನ್ನೊಂದು ಭ್ರಮೆ ಹುಟ್ಟಿತು. ಕೈಬರಹದ ಲೆಕ್ಕದಲ್ಲಿ ವರ್ಷದ ಕೊನೆಗೆ ತೇರೀಜು ಹಾಕಿದಾಗ ಎರಡು ಕಡೆಯ ಮೊತ್ತ ಒಮ್ಮೆಗೇ ಸರಿಬಂದರೆ ಅಂಗಡಿಯಲ್ಲಿ ಪೇಢೆ ಹಂಚಬೇಕು. ತಂತ್ರಾಂಶದಲ್ಲಿ ಜಮಾ ಮತ್ತು ಖರ್ಚು ಸಮವಾಗದೆ ವೋಚರ್ ಮುಂದಕ್ಕೆ ಹೋಗುವುದೇ ಇಲ್ಲ, ಹಾಗಾಗಿ ತೇರೀಜು ಯಾವಾಗಲೂ ಸರಿ. ತೇರೀಜು ಸರಿ ಇದ್ದರೆ ಲೆಕ್ಕ ಸರಿ ಎಂದು ಮಾಲೀಕರು ನಂಬಿದರು. ತಪ್ಪು ಕೂತಿರುವುದು ಬೇರೆ ಕಡೆ. ಹೆಸರಿನ ಮೊದಲೆರಡು ಅಕ್ಷರ ಒತ್ತಿದರೆ ಪಟ್ಟಿ ಇಳಿಯುತ್ತದೆ. ಬಸಪ್ಪ, ಬಸವಣ್ಣೆಪ್ಪ, ಬಸವರಾಜ ಎಂಬ ಹೆಸರಿನವರು ಒಂದೇ ಊರಲ್ಲಿ ಹತ್ತು ಜನ ಇರುವ ಸೀಮೆ ನಮ್ಮದು. ಸುಗ್ಗಿಯ ಗದ್ದಲದಲ್ಲಿ ಎಂಟರ್ ಒತ್ತಿದರೆ ಪಟ್ಟಿಯ ಮೇಲೆ ನಿಂತ ಬಸಪ್ಪನಿಗೆ ಜಮಾ, ಸೋಯಾ ಹಾಕಿ ಹೋದ ಬಸಪ್ಪನಿಗೆ ಏನೂ ಇಲ್ಲ. ತೇರೀಜು ನಗುನಗುತ್ತಾ ಸರಿಯಾಗಿಯೇ ಇರುತ್ತದೆ. ಎರಡನೇ ಬಸಪ್ಪ ದೀಪಾವಳಿಗೆ ದುಡ್ಡು ಕೇಳಲು ಬಂದು ತನ್ನ ಕಿಸೆಯಿಂದ ಮಡಚಿದ ಪಟ್ಟಿ ತೆಗೆದಾಗಲೇ ತಪ್ಪು ಬಯಲಾಗುವುದು. ಪಟ್ಟಿ ಕಳೆದುಕೊಂಡಿದ್ದರೆ ಅದೂ ಇಲ್ಲ.

ಅಂಕಿ ಹಿಂದುಮುಂದಾದ ತಪ್ಪು ಹಿಡಿಯುವ ಹಳೆಯ ಉಪಾಯವೊಂದು ಇನ್ನೂ ಕೆಲವು ಹಿರಿಯ ಲೆಕ್ಕಿಗರ ತಲೆಯಲ್ಲಿದೆ. ಬ್ಯಾಂಕಿನ ಪಾಸ್‌ಬುಕ್ಕಿಗೂ ಪರದೆಗೂ ತಾಳೆ ಬರುತ್ತಿಲ್ಲ ಎಂದು ಹುಡುಗ ಫೋನ್ ಮಾಡುತ್ತಾನೆ.

‘ಡಿಫರೆನ್ಸ್ ಎಷ್ಟೈತಿ?’

‘ಒಂಬೈನೂರ್ರಿ.’

‘ಒಂಬತ್ತರಿಂದ ಭಾಗ ಹೋಗತೈತಿ. ಎಲ್ಲೋ ಅಂಕಿ ತಿರುವಿ ಹೊಡದೀ ನೋಡು. ಐದ ಸಾವಿರದ ನಾಕನೂರ ಇದ್ದದ್ದ ನಾಕ ಸಾವಿರದ ಐನೂರ ಆಗಿರ್ತೈತಿ.’

ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಬೀಳುತ್ತದೆ. ಹಾಗೆಯೇ ವ್ಯತ್ಯಾಸ 2,500 ಬಂದರೆ ಅದರ ಅರ್ಧ 1,250ರ ರಕಮನ್ನು ಹುಡುಕಬೇಕು, ಜಮೆಯದು ಖರ್ಚಿಗೆ ಬಿದ್ದಿರಬಹುದು. ಇದನ್ನು ಯಾವ ತಂತ್ರಾಂಶವೂ ತಾನಾಗಿ ಹೇಳುವುದಿಲ್ಲ. ತರಗತಿಯ ಹುಡುಗ ಮಾಡುವುದು ಇನ್ನೊಂದು: ಒಂಬೈನೂರನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಮನೆಗೆ ಹೋಗುವುದು. ಅನಾಮತ್ತು ಎಂಬ ಈ ಖಾತೆ ಇರುವುದು ತಪ್ಪು ಸಿಗುವ ತನಕ ಇಳಿದುಕೊಳ್ಳಲು. ನಮ್ಮಲ್ಲಿ ಅದು ಕಾಯಂ ವಾಸದ ಮನೆಯಾಗಿದೆ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ತಿದ್ದುವ ವಿಷಯದಲ್ಲಿ ಇದು ದೊಡ್ಡ ತಿರುವು, ಏಕೆಂದರೆ ಲೆಕ್ಕ ಅಂಗಡಿಯೊಳಗಿನ ಗುಟ್ಟಾಗಿ ಉಳಿಯಲಿಲ್ಲ. ನೀವು ಬರೆದ ಬಿಲ್ಲು ಕೊಂಡವನ ಪರದೆಯಲ್ಲೂ ಕಾಣುತ್ತದೆ. ಇಲ್ಲಿ ಆಲ್ಟ್-ಡಿ ಒತ್ತಿದರೆ ಪೋರ್ಟಲಿನಲ್ಲಿ ಅಳಿಯುವುದಿಲ್ಲ. ಒಮ್ಮೆ ತುಂಬಿದ ರಿಟರ್ನನ್ನು ಬದಲಿಸಿ ಮತ್ತೆ ತುಂಬಲು ಈ ಕಾಯ್ದೆಯಲ್ಲಿ ದಾರಿಯೇ ಇಲ್ಲ. ತಪ್ಪನ್ನು ಮುಂದಿನ ತಿಂಗಳ ರಿಟರ್ನಿನಲ್ಲಿ ತಿದ್ದುಪಡಿಯೆಂದೇ ತೋರಿಸಬೇಕು, ಇಲ್ಲವೆ ಕ್ರೆಡಿಟ್ ನೋಟು, ಡೆಬಿಟ್ ನೋಟು ಬರೆಯಬೇಕು. 2024ರ ಜುಲೈ ತಿಂಗಳ ಲೆಕ್ಕದಿಂದ ಜಿಎಸ್‌ಟಿಆರ್-1ಎ ಎಂಬ ನಮೂನೆ ಬಂದ ಮೇಲೆ, ಅದೇ ತಿಂಗಳ ಜಿಎಸ್‌ಟಿಆರ್-3ಬಿ ತುಂಬುವ ಮೊದಲು ತಪ್ಪು ಸರಿಪಡಿಸಿಕೊಳ್ಳುವ ಒಂದು ಕಿಂಡಿ ತೆರೆಯಿತು. ಏಳು ವರ್ಷ ತಡವಾಗಿ ಬಂದರೂ ಒಳ್ಳೆಯ ಕೆಲಸ. ವ್ಯಾಪಾರಿಗಳು ಜಿಎಸ್‌ಟಿಯನ್ನು ಬಯ್ಯುವ ಕಾರಣಗಳಲ್ಲಿ ಅರ್ಧದಷ್ಟನ್ನು ನಾವೂ ಒಪ್ಪುತ್ತೇವೆ. ಆದರೆ ಅಳಿಸಬೇಡ, ಗೆರೆ ಎಳೆದು ಪಕ್ಕದಲ್ಲಿ ಬರೆ ಎಂಬ ದಿವಾನಜಿಯ ನಿಯಮವನ್ನು ಅದು ಹಿಂದಕ್ಕೆ ತಂದಿತು ಎಂಬುದನ್ನೂ ಹೇಳಬೇಕು.

ನಮ್ಮ ಸೀಮೆಯದೇ ಎರಡು ತಪ್ಪುಗಳನ್ನು ಹತ್ತಿರದಿಂದ ನೋಡೋಣ. ಬೈಲಹೊಂಗಲ, ಸವದತ್ತಿ ಕಡೆಯ ಎರಿ ಹೊಲದ ಹತ್ತಿ ಪೇಟೆಗೆ ಬರುತ್ತದೆ. ರೈತನಿಂದ ಸೋಯಾ, ಕಡಲೆ ಕೊಂಡರೆ ಕೊಂಡವನು ತೆರಿಗೆ ಕಟ್ಟಬೇಕಿಲ್ಲ. ಜಿನ್ ಮಾಡದ ಹತ್ತಿ ಕೊಂಡರೆ, 2017ರ ನವೆಂಬರ್ 15ರಿಂದ, ನೋಂದಾಯಿತ ಖರೀದಿದಾರನೇ ಶೇಕಡಾ 5ರಷ್ಟನ್ನು ರಿವರ್ಸ್ ಚಾರ್ಜ್ ಎಂದು ನಗದಾಗಿ ಕಟ್ಟಿ, ಆಮೇಲೆ ಅದನ್ನು ಜಮಾ ಪಡೆಯಬೇಕು. ‘ರೈತರ ಖರೀದಿ’ ಎಂಬ ಒಂದೇ ಖಾತೆ ಮಾಡಿಟ್ಟುಕೊಂಡು ಸೋಯಾದ ಬೆನ್ನಿಗೆ ಹತ್ತಿಯನ್ನೂ ಅದರಲ್ಲೇ ಸುರಿದವರಿಗೆ ಈ ತೆರಿಗೆ ಕಾಣುವುದೇ ಇಲ್ಲ. ವರ್ಷ ಕಳೆದು ನೋಟಿಸು ಬಂದಾಗ, ಕಟ್ಟಿದ್ದರೆ ವಾಪಸು ಜಮೆಯಾಗುತ್ತಿದ್ದ ತೆರಿಗೆಗೆ ವಾರ್ಷಿಕ ಶೇಕಡಾ 18ರ ಬಡ್ಡಿ ತೆರಬೇಕು. ಲಾಭವೂ ಇಲ್ಲದ, ಕಳ್ಳತನವೂ ಅಲ್ಲದ ತಪ್ಪಿಗೆ ದಂಡ.

ಎರಡನೆಯದು ರಾಮದುರ್ಗದ್ದು. ಅಲ್ಲಿಯ ನೇಕಾರಿಕೆಗೆ ಮಹಾರಾಷ್ಟ್ರದ ಪೇಟೆಗಳ ಜೊತೆ ಕೊಡುಕೊಳು ಸಹಜ. ಕರ್ನಾಟಕದ ಜಿಎಸ್‌ಟಿ ಸಂಖ್ಯೆ 29ರಿಂದ ಶುರು, ಮಹಾರಾಷ್ಟ್ರದ್ದು 27ರಿಂದ. ಖಾತೆ ತೆರೆಯುವಾಗ ರಾಜ್ಯದ ಹೆಸರಿನಲ್ಲಿ ಕೈತಪ್ಪಿದರೆ ಐಜಿಎಸ್‌ಟಿ ಹಾಕಬೇಕಾದ ಸೀರೆಯ ಬಿಲ್ಲಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡಾಗಿ ಒಡೆದು ಬೀಳುತ್ತದೆ. ಮೊತ್ತ ಅಷ್ಟೇ, ಹೋಗುವ ಪೆಟ್ಟಿಗೆ ಬೇರೆ. ಕಾಯ್ದೆಯ 77ನೇ ಕಲಮಿನ ಪ್ರಕಾರ ಸರಿಯಾದ ತೆರಿಗೆಯನ್ನು ಹೊಸದಾಗಿ ಕಟ್ಟಿ, ತಪ್ಪಾಗಿ ಕಟ್ಟಿದ್ದನ್ನು ವಾಪಸು ಕೇಳಬೇಕು. ಬಡ್ಡಿ ಇಲ್ಲ ಎಂಬುದೊಂದೇ ಸಮಾಧಾನ. ಕಾಯ್ದೆಗೆ ಒಂದು ಸಾಲಿನ ಮಾತು, ಮಗ್ಗದ ಮನೆಗೆ ಎರಡು ಸಲ ಬಂಡವಾಳ.

ಈಚಿನದು, 2025ರ ಸೆಪ್ಟೆಂಬರ್ 22ರ ದರ ಬದಲಾವಣೆ. ಅಂದು ನವರಾತ್ರಿಯ ಮೊದಲ ದಿನ, ಸವದತ್ತಿಯ ಎಲ್ಲಮ್ಮನ ಗುಡ್ಡದ ಕೆಳಗಿನ ಅಂಗಡಿಗಳಿಗೆ ಉಸಿರಾಡಲು ಬಿಡುವಿಲ್ಲದ ಹೊತ್ತು. ಮೈಗೆ ಹಚ್ಚುವ ಸಾಬೂನು, ತಲೆಗೆ ಹಚ್ಚುವ ಎಣ್ಣೆ 18ರಿಂದ 5ಕ್ಕೆ, ಟ್ರ್ಯಾಕ್ಟರ್ 12ರಿಂದ 5ಕ್ಕೆ, ಸಿಮೆಂಟು 28ರಿಂದ 18ಕ್ಕೆ, ವಿದ್ಯಾರ್ಥಿಗಳ ನೋಟ್‌ಬುಕ್ಕಿಗೆ ಪೂರ್ತಿ ಮಾಫಿ. ತಂತ್ರಾಂಶದಲ್ಲಿ ‘ಈ ತಾರೀಖಿನಿಂದ’ ಎಂದು ಹೊಸ ದರ ಸೇರಿಸಬೇಕು. ಹಳೆಯ ದರವನ್ನೇ ಅಳಿಸಿ ಅದರ ಮೇಲೆ ಹೊಸದನ್ನು ಬರೆದವರು, ಆಗಸ್ಟಿನ ಬಿಲ್ಲೊಂದನ್ನು ನೋಡಲು ತೆರೆದು ಮತ್ತೆ ಸೇವ್ ಮಾಡಿದರೆ ಅದಕ್ಕೂ ಹೊಸ ದರ ಹತ್ತಿಕೊಳ್ಳುವ ಅಪಾಯವಿದೆ. ಆ ತಿಂಗಳ ರಿಟರ್ನು ಯಾವತ್ತೋ ಹೋಗಿಯಾಗಿದೆ. ಇದರ ಫಲ ಗೊತ್ತಾಗುವುದು ಮರುವರ್ಷ.

ಇಷ್ಟೆಲ್ಲದರ ನಡುವೆ ಕೇಂದ್ರ ಸರ್ಕಾರ ಇನ್ನೊಂದು ನಿಯಮ ತಂದಿತು. ಕಂಪನಿ ಕಾಯ್ದೆಯಡಿ ಲೆಕ್ಕ ಇಡುವ ಪ್ರತಿಯೊಂದು ತಂತ್ರಾಂಶದಲ್ಲೂ ಯಾರು, ಯಾವಾಗ, ಏನನ್ನು ಏನಾಗಿ ಬದಲಿಸಿದರು ಎಂಬ ಜಾಡು ದಾಖಲಾಗಬೇಕು, ಅದನ್ನು ಆರಿಸಲು ಬರಬಾರದು. 2021ರ ಮಾರ್ಚಿನಲ್ಲಿ ಅಧಿಸೂಚನೆ ಹೊರಬಿದ್ದು, ಎರಡು ಸಲ ಮುಂದೆ ಹೋಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆ ಜಾಡು ವರ್ಷವಿಡೀ ಚಾಲ್ತಿಯಲ್ಲಿತ್ತೇ ಎಂಬುದನ್ನು ಲೆಕ್ಕಪರಿಶೋಧಕ ತನ್ನ ವರದಿಯಲ್ಲಿ ಬರೆಯಬೇಕು. ಟ್ಯಾಲಿಯವರು ಅದಕ್ಕೆಂದೇ ‘ಎಡಿಟ್ ಲಾಗ್’ ಎಂಬ ಬೇರೆ ಆವೃತ್ತಿ ತಂದರು. ಮಾಮೂಲಿ ಆವೃತ್ತಿಯಲ್ಲೂ ಅದಿದೆ, ಆದರೆ ಬೇಡವೆಂದರೆ ಆರಿಸಿಡಬಹುದು.

ಈ ನಿಯಮ ನಮ್ಮಲ್ಲಿ ಯಾರಿಗೆ ಅನ್ವಯಿಸುತ್ತದೆ? ಕಂಪನಿಗಳಿಗೆ. ನಾಲ್ಕು ತಾಲೂಕುಗಳ ಪೇಟೆಯಲ್ಲಿ ಕಂಪನಿ ಎಂದು ನೋಂದಾಯಿಸಿಕೊಂಡವು ಎಷ್ಟು? ಒಂದಷ್ಟು ಖಾಸಗಿ ಕಾರ್ಖಾನೆ, ಕೆಲವು ರೈತ ಉತ್ಪಾದಕ ಕಂಪನಿ. ತಮಾಷೆಯೆಂದರೆ ಒಬ್ಬ ಅರೆಕಾಲಿಕ ಗುಮಾಸ್ತನ ಮೇಲೆ ನಡೆಯುವ ರೈತರ ಪುಟ್ಟ ಕಂಪನಿಗೆ ಈ ಕಟ್ಟಳೆ ಉಂಟು, ಅದರ ಪಕ್ಕದಲ್ಲೇ ಕೋಟಿಗಟ್ಟಲೆ ವಹಿವಾಟು ನಡೆಸುವ ಪಾಲುದಾರಿಕೆಯ ಅಂಗಡಿಗೆ ಇಲ್ಲ. ಕಟ್ಟಳೆ ಇರುವ ಕಡೆಯೂ ಜಾಡು ಎಷ್ಟು ಗಟ್ಟಿ? ಮಾಲೀಕ, ಮಗ, ಗುಮಾಸ್ತ, ಹುಬ್ಬಳ್ಳಿಯಲ್ಲಿ ಕೂತು ಎನಿಡೆಸ್ಕ್‌ನಲ್ಲಿ ಲೆಕ್ಕ ಸರಿಮಾಡುವ ಅಕೌಂಟೆಂಟ್, ಎಲ್ಲರೂ ‘ಅಡ್ಮಿನ್’ ಎಂಬ ಒಂದೇ ಹೆಸರಿನಲ್ಲಿ ಒಳಹೋಗುತ್ತಾರೆ. ಪಾಸ್‌ವರ್ಡು ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿದೆ. ಯಾರು ತಿದ್ದಿದರು ಎಂದು ಕೇಳಿದರೆ ಲಾಗ್ ಹೇಳುವುದು: ಅಡ್ಮಿನ್.

ನಮ್ಮ ನಿಜವಾದ ಚಿಂತೆ ಅಂಗಡಿಗಳದ್ದಲ್ಲ, ಪಿಕೆಪಿಎಸ್ ಎಂದು ಕರೆಯುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳದ್ದು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲಕ್ಕೇ, 1904ರ ಕಾಯ್ದೆಯಲ್ಲಿ ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಯ ಕಟ್ಟಳೆ ಇತ್ತು. ಈಗ ಅದೇ ಸಂಘಗಳು ಕಂಪ್ಯೂಟರಿಗೆ ಏರುತ್ತಿವೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2022ರ ಜೂನಿನಲ್ಲಿ. ಬೇಡವೆನ್ನುವ ಕೆಲಸ ಅಲ್ಲ. ಆದರೆ ದಶಕಗಳ ಕೈಬರಹದ ಬಾಕಿಯನ್ನು ಒಂದು ಸಾಲಾಗಿ ಹೊಸ ಪರದೆಗೆ ಎತ್ತುವಾಗ, ಸದಸ್ಯರ ಖಾತೆಗಳ ಒಟ್ಟು ಮೊತ್ತಕ್ಕೂ ಅಢಾವೆ ಪತ್ರಿಕೆಯ ಮೊತ್ತಕ್ಕೂ ಹೊಂದಿಕೆ ಬರದಿದ್ದರೆ ಏನು ಮಾಡುತ್ತಾರೆ? ಯಾರ ಖಾತೆಯನ್ನು ಸವರುತ್ತಾರೆ? ಸವರಿದ್ದು ಆ ಸದಸ್ಯನಿಗೆ ಗೊತ್ತಾಗುತ್ತದೆಯೇ?

ಒಂದೇ ತಾರೀಖು ಎಷ್ಟು ಭಾರವೆಂದು ಸಾಲಗಾರ ರೈತನಿಗೆ ಬಿಡಿಸಿ ಹೇಳಬೇಕಿಲ್ಲ. ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ 2023-24ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಶೂನ್ಯ ಬಡ್ಡಿ ಸಿಗುವುದು ವಾಯಿದೆಯೊಳಗೆ ಕಟ್ಟಿದವನಿಗೆ ಮಾತ್ರ. ವಾಯಿದೆಯ ಕೊನೆಯ ದಿನ ಸಂಜೆ ಕರೆಂಟು ಹೋಗಿರುತ್ತದೆ. ಕಾರ್ಯದರ್ಶಿ ಕೈಪಾವತಿ ಹರಿದುಕೊಡುತ್ತಾನೆ, ಮರುದಿನ ಕಂಪ್ಯೂಟರಿಗೆ ಏರಿಸುತ್ತಾನೆ. ಪರದೆ ಮರುದಿನದ ತಾರೀಖನ್ನೇ ಹಿಡಿಯುತ್ತದೆ. ಆ ಒಂದು ದಿನಕ್ಕೆ ವರ್ಷದ ಬಡ್ಡಿ. ಕಾರ್ಯದರ್ಶಿ ಒಳ್ಳೆಯವನಾದರೆ ಸರಿಪಡಿಸುತ್ತಾನೆ. ಆದರೆ ಸಾಲಗಾರನ ಅನುಕೂಲಕ್ಕೆ ತಾರೀಖು ಹಿಂದೆ ಸರಿಸಲು ಬರುವ ಪರದೆಯಲ್ಲಿ, ಬೇಕಾದವನ ಅನುಕೂಲಕ್ಕೂ ಹಿಂದೆ ಸರಿಸಲು ಬರುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ಆ ಜಾಡು, ಕೈಪಾವತಿ ಮತ್ತು ಆಡಳಿತ ಮಂಡಳಿಯ ಠರಾವು ಮಾತ್ರ.

ತಾರೀಖಿನ ಸಂಶಯದ ಬೆಲೆ ಕಿತ್ತೂರಿನವರಿಗೆ ಇತಿಹಾಸದಿಂದಲೇ ಗೊತ್ತು. 1824ರಲ್ಲಿ ಶಿವಲಿಂಗರುದ್ರಸರ್ಜ ದೇಸಾಯಿ ತೀರಿಕೊಂಡಾಗ ಅವನ ದತ್ತಕದ ಪತ್ರದ ಸಹಿಯ ಮೇಲೆ, ಅದನ್ನು ಬರೆದ ಹೊತ್ತಿನ ಮೇಲೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸಂಶಯ ಎತ್ತಿದ. ಸಂಸ್ಥಾನ ನುಂಗುವವನಿಗೆ ಅದು ನೆಪವಾಗಿತ್ತು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಬಲ ಇರುವವನ ಎದುರು ದಾಖಲೆಯಲ್ಲಿ ಒಂದು ಬಿರುಕು ಕಂಡರೆ ಸಾಕು, ಅವನು ಕೈ ಹಾಕುತ್ತಾನೆ. ಕಿತ್ತೂರು ಉತ್ಸವದ ಭಾಷಣಗಳಲ್ಲಿ ಇದನ್ನು ಯಾರೂ ಹೇಳಲಿಕ್ಕಿಲ್ಲ.

ಹಾಗಾದರೆ ಸರ್ಕಾರದ ದಾಖಲೆಗಳು ಮೇಲೋ? ಒಂದು ಮಟ್ಟಿಗೆ ಹೌದು. 2000ದ ಸುಮಾರಿಗೆ ಹೊಲದ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ಬಂದು ಕೈಬರಹದ ಉತಾರ, ಅಂದರೆ ಪಹಣಿ, ನಿಂತಿತು. ಅಲ್ಲಿ ಹೆಸರು ಬದಲಾಗಬೇಕಾದರೆ ಅರ್ಜಿ, ನೋಟಿಸು, ತಕರಾರಿಗೆ ಅವಧಿ, ಆದೇಶ, ಅಧಿಕಾರಿಯ ಬೆರಳಚ್ಚು ಬೇಕು, ಯಾವ ಆದೇಶದಿಂದ ಬದಲಾಯಿತೆಂಬ ಸಂಖ್ಯೆ ಉತಾರದಲ್ಲೇ ಕೂರುತ್ತದೆ. ಒಪ್ಪದವರು ಬೈಲಹೊಂಗಲದ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಹಾಕುತ್ತಾರೆ. ಈ ನಾಲ್ಕೂ ತಾಲೂಕುಗಳ ಅಂಥ ಕಡತಗಳು ಬಂದು ಸೇರುವುದು ಅಲ್ಲಿಗೇ. ನಿಧಾನ, ಕಿರಿಕಿರಿ, ಓಡಾಟ ಎಲ್ಲ ಇದೆ. ಮೊದಲ ಸಲ ಕಂಪ್ಯೂಟರಿಗೆ ಏರಿಸುವಾಗ ಯಾರದೋ ಕೈತಪ್ಪಿ ಬಿದ್ದ ಗುಂಟೆಯ ಅಂಕಿಗೆ ರೈತ ತಾನೇ ಖರ್ಚು ಮಾಡಿ ತಿದ್ದಿಸಿಕೊಳ್ಳಬೇಕಾದದ್ದು ಅನ್ಯಾಯವೇ. 2018ರ ಸಾಲ ಮನ್ನಾದಲ್ಲಿ ಅದರ ಬಿಸಿ ತಟ್ಟಿತು. ಸಹಕಾರ ಸಂಘದ ಸಾಲಕ್ಕೆ 1 ಲಕ್ಷ, ವಾಣಿಜ್ಯ ಬ್ಯಾಂಕಿನ ಸಾಲಕ್ಕೆ 2 ಲಕ್ಷದವರೆಗೆ ಮಾಫಿ ಎಂದಾಗ ಉತಾರ, ಆಧಾರ್, ರೇಷನ್ ಕಾರ್ಡು ಮೂರನ್ನೂ ಹೊಂದಿಸಿ ನೋಡಿದರು. ಒಂದರಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವರಾಜ ಇದ್ದವರು ಕಚೇರಿಗಳ ಮೆಟ್ಟಿಲು ಸವೆಸಿದರು. ಆದರೂ ಹೊಲದ ದಾಖಲೆ ತಿದ್ದುವಾಗ ಹೊಲದವನಿಗೆ ನೋಟಿಸು ಕೊಡಬೇಕೆಂಬ ಕಟ್ಟಳೆ ಅಲ್ಲಿದೆ. ಸಾಲದ ದಾಖಲೆ ತಿದ್ದುವಾಗ ಸಾಲಗಾರನ ಕೈಗೆ ಒಂದು ಚೀಟಿ ಕೊಡುವ ರೂಢಿಯಾದರೂ ನಮ್ಮ ಸಂಘಗಳಲ್ಲಿ ಬೆಳೆದಿದೆಯೇ?

ನಾವು ಕೇಳುವುದು ಆ ಚೀಟಿಯನ್ನೇ. ಸದಸ್ಯನ ಖಾತೆಯಲ್ಲಿ ಒಂದು ರೂಪಾಯಿ ಬದಲಾದರೂ ಹಳೆಯ ಅಂಕಿ, ಹೊಸ ಅಂಕಿ, ಕಾರಣ, ತಿದ್ದಿದವರ ಹೆಸರು ಇರುವ ಚೀಟಿ ಅವನ ಕೈಸೇರಲಿ. ಆ ವರ್ಷ ಹಾಗೆ ತಿದ್ದಿದ ನಮೂದುಗಳ ಯಾದಿಯನ್ನು ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಅಢಾವೆ ಪತ್ರಿಕೆಯ ಜೊತೆಗೇ ಓದಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಠರಾವು ಸಾಕು. ಹೊಸ ತಂತ್ರಾಂಶ ಕಲಿಸಲು ಕಾರ್ಯದರ್ಶಿಗಳನ್ನು ಕರೆಸುವವರು ಅದರಲ್ಲಿ ಅರ್ಧ ದಿನವನ್ನು ತಿದ್ದುವ ಪಾಠಕ್ಕೆ ಇಡಲಿ.

ಅಂಗಡಿಯವರಿಗೆ ಹೇಳಬೇಕಾದದ್ದು ತುರ್ತಿನದು. ಮಾರ್ಚಿಗೆ ಮುಗಿದ ವರ್ಷದ ಬಿಲ್ಲುಗಳ ತಪ್ಪನ್ನು ಜಿಎಸ್‌ಟಿಯಲ್ಲಿ ಸರಿಪಡಿಸಲು ಅದರ ಮುಂದಿನ ನವೆಂಬರ್ 30 ಕೊನೆಯ ದಿನ. ವಾರ್ಷಿಕ ರಿಟರ್ನನ್ನು ಅದಕ್ಕೂ ಮೊದಲೇ ತುಂಬಿದ್ದರೆ ಬಾಗಿಲು ಆಗಲೇ ಮುಚ್ಚಿದೆ. ಹತ್ತಿಯ ರಿವರ್ಸ್ ಚಾರ್ಜ್, 27 ಮತ್ತು 29ರ ಗೊಂದಲ, ಬರೆಯದೆ ಬಿಟ್ಟ ಕ್ರೆಡಿಟ್ ನೋಟು, ಇಷ್ಟನ್ನಾದರೂ ಈ ವಾರವೇ ತೆಗೆದು ನೋಡಿ. ಪಟಾಕಿಯ ಸದ್ದು ಇಳಿದ ಮೇಲೆ ನೋಡೋಣ ಎಂದು ಕೂತರೆ, ನವೆಂಬರಿನ ಕೊನೆಯ ವಾರ ನಿಮ್ಮ ಅಕೌಂಟೆಂಟ್ ಫೋನ್ ಎತ್ತುವುದಿಲ್ಲ.